ಅಳುಕರಿಯದ ಎದೆ

ಕ್ರಿ. ಶ. 1793. ಫ್ರಾನ್ಸಿನ ಮಹಾಕ್ರಾಂತಿಯ ಜ್ವಾಲೆ ಪ್ಯಾರಿಸ್ ನಗರವನ್ನು ಆವರಿಸಿಕೊಂಡಿದ್ದ ಕಾಲ. ಹದಿನಾರನೆಯ ಲೂಯಿ ದೊರೆಯ ತಲೆ ಆ ವರ್ಷದ ಜನವರಿಯಲ್ಲಿಯೇ ಗಿಲೊಟಿನ್ ಯಂತ್ರಕ್ಕೆ ಬಲಿಯಾಗಿತ್ತು. ಅದೇ ವರ್ಷ ಫಿಲಿಪ್ ಪಿನೆಲ್ ಎಂಬ ವೈದ್ಯನು ನಗರದ ಹೊರವಲಯದ ಬಿಸೆತ್ರ್ ಎಂಬಲ್ಲಿಗೆ ನಿಯುಕ್ತನಾಗಿ ಬಂದನು. ಆಸ್ಪತ್ರೆಯೆಂಬುದು ಅದರ ಹೆಸರು. ಒಳಹೊಕ್ಕು ನೋಡಿದರೆ ಅರ್ಧ ಸೆರೆಮನೆ. ಹುಚ್ಚರು, ಅನಾಥರು, ಮುದುಕರು, ಅಪರಾಧಿಗಳು ಎಲ್ಲರಿಗೂ ಅದೊಂದೇ ಸೂರು. ಹುಚ್ಚರನ್ನು ಸರಪಳಿಯಿಂದ ಬಿಗಿದಿಡುವುದು ಅಲ್ಲಿನ ವಾಡಿಕೆ. ಆ ಸರಪಳಿಗಳನ್ನು ಕಳಚಿಸಿದ ಕೀರ್ತಿಯನ್ನು ಲೋಕವು ಪಿನೆಲ್‌ನಿಗೆ ಕೊಟ್ಟಿದೆ. ನಿಜವಾಗಿ ಆ ಕೆಲಸದಲ್ಲಿ ಅವನಿಗೆ ದಾರಿ ತೋರಿದವನು ಪುಸ್ಸಿನ್ ಎಂಬ ಅಲ್ಲಿನ ಮೇಲ್ವಿಚಾರಕ. ಓದಿನ ಬಲವಿಲ್ಲದ ಅವನ ಹೆಸರನ್ನು ಇತಿಹಾಸವು ಸ್ವಲ್ಪ ತಡವಾಗಿ ನೆನೆಯಿತು.

ಪಿನೆಲ್‌ನು ನೋಡುವ ಕಣ್ಣುಳ್ಳ ವೈದ್ಯ. ರೋಗಿಗಳೊಡನೆ ಕುಳಿತು ಮಾತನಾಡಿ, ಅವರ ಪೂರ್ವವೃತ್ತಾಂತವನ್ನು ಕೇಳಿ, ಎಲ್ಲವನ್ನೂ ಬರೆದಿಡುತ್ತಿದ್ದನು. 1801ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಒಬ್ಬ ಶ್ರೀಮಂತನ ಕಥೆ ಬರುತ್ತದೆ. ಅವನು ತಾಯಿಗೆ ಒಬ್ಬನೇ ಮಗ. ದುರ್ಬಲ ಮನಸ್ಸಿನ ಆ ತಾಯಿ ಮಗನ ಹಟಕ್ಕೆಲ್ಲ ಮಣಿದಳು; ಬೆಳೆದಂತೆ ಕೇಳಿದಷ್ಟು ಹಣ ಕೊಟ್ಟಳು. ಯಾರಾದರೂ ಎದುರಾಡಿದರೆ ಸಾಕು, ಅವನು ಕೆಂಡವಾಗುತ್ತಿದ್ದನು. ನಾಯಿಯೋ ಕುರಿಯೋ ಕುದುರೆಯೋ ಅವನಿಗೆ ಸಿಟ್ಟು ಬರಿಸಿದರೆ ಅದು ಅಲ್ಲಿಯೇ ಸತ್ತಂತೆ. ಜಾತ್ರೆಗೆ ಹೋದರೆ ಹೊಡೆದಾಡಿ, ರಕ್ತ ಸುರಿಸಿಕೊಂಡೇ ಮರಳುತ್ತಿದ್ದನು.

ಆದರೆ ಸೋಜಿಗದ ಸಂಗತಿಯೆಂದರೆ, ಮನಸ್ಸು ಶಾಂತವಾಗಿದ್ದಾಗ ಅವನ ನಡತೆಯಲ್ಲಿ ಯಾರೂ ಲೋಪವೆಣಿಸುವಂತಿರಲಿಲ್ಲ. ದೊಡ್ಡ ಆಸ್ತಿಯನ್ನು ಬುದ್ಧಿವಂತಿಕೆಯಿಂದ ನೋಡಿಕೊಳ್ಳುತ್ತಿದ್ದನು. ಬಡವರಿಗೆ ದಾನ ಮಾಡಿದ ಹೆಸರೂ ಅವನಿಗಿತ್ತು. ಕೊನೆಗೆ ಒಂದು ದಿನ, ತನ್ನನ್ನು ಬೈದಳೆಂಬ ಒಂದೇ ಕಾರಣಕ್ಕೆ ಒಬ್ಬ ಹೆಂಗಸನ್ನು ಎತ್ತಿ ಬಾವಿಗೆ ಎಸೆದನು. ನ್ಯಾಯಾಲಯದಲ್ಲಿ ಸಾಲುಸಾಲಾಗಿ ಸಾಕ್ಷಿಗಳು ನಿಂತು ಅವನ ಹಿಂದಿನ ಆರ್ಭಟಗಳನ್ನೆಲ್ಲ ಬಣ್ಣಿಸಿದರು. ಜೀವವಿರುವವರೆಗೆ ಬಿಸೆತ್ರ್‌ನಲ್ಲಿ ಬಂಧನವೆಂದು ತೀರ್ಪಾಯಿತು.

ಪಿನೆಲ್‌ನು ಅವನನ್ನು ಪರೀಕ್ಷಿಸಿ ಬೆರಗಾದನು. ಆ ಕಾಲದ ವೈದ್ಯರ ಎಣಿಕೆಯಲ್ಲಿ ಹುಚ್ಚೆಂದರೆ ಬುದ್ಧಿಯ ಭ್ರಮಣೆ. ಇಲ್ಲದ್ದನ್ನು ಕಾಣುವುದು, ಕೇಳದ್ದನ್ನು ಕೇಳುವುದು, ತಾನು ಚಕ್ರವರ್ತಿಯೆಂದು ಭಾವಿಸುವುದು. ಈ ಮನುಷ್ಯನಲ್ಲಿ ಅಂಥದೊಂದೂ ಇರಲಿಲ್ಲ. ತರ್ಕ ಸರಿಯಾಗಿತ್ತು, ನೆನಪು ಸರಿಯಾಗಿತ್ತು. ಕೆಟ್ಟಿದ್ದುದು ಬೇರೆ ಯಾವುದೋ ಒಂದು. ಪಿನೆಲ್‌ನು ಅದನ್ನು ‘ಭ್ರಮೆಯಿಲ್ಲದ ಉನ್ಮಾದ’ ಎಂದು ಕರೆದನು. ಇಂದು ವೈದ್ಯಶಾಸ್ತ್ರವು ‘ಸಮಾಜವಿರೋಧಿ ವ್ಯಕ್ತಿತ್ವ ದೋಷ’ ಎಂದು ಹೆಸರಿಸಿರುವ ವಿಕಾರದ ಕಥೆ ಸಾಮಾನ್ಯವಾಗಿ ಇಲ್ಲಿಂದಲೇ ಆರಂಭವಾಗುತ್ತದೆ.

ಹೆಸರುಗಳ ಮೆರವಣಿಗೆ

ಪಿನೆಲ್‌ನ ತರುವಾಯ ಈ ವಿಕಾರಕ್ಕೆ ಆದಷ್ಟು ನಾಮಕರಣಗಳು ಬೇರೆ ಯಾವ ಕಾಯಿಲೆಗೂ ಆಗಿರಲಾರವು. 1835ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯ ಪ್ರಿಚರ್ಡನು ಅದನ್ನು ‘ಮಾರಲ್ ಇನ್ಸ್ಯಾನಿಟಿ’ ಎಂದನು. ಆ ಕಾಲದ ಇಂಗ್ಲಿಷಿನಲ್ಲಿ ‘ಮಾರಲ್’ ಎಂಬ ಮಾತಿಗೆ ನೀತಿಯೆಂಬ ಅರ್ಥ ಮಾತ್ರವಲ್ಲ, ಭಾವನೆಗೆ ಸಂಬಂಧಿಸಿದ್ದು ಎಂಬ ಅರ್ಥವೂ ಇತ್ತು. ಓದಿದವರು ನೀತಿಯನ್ನೇ ಹಿಡಿದುಕೊಂಡರು. ರೋಗಕ್ಕೂ ಪಾಪಕ್ಕೂ ನಡುವೆ ಒಂದು ಶತಮಾನ ಕಾಲ ನಡೆದ ಜಗಳಕ್ಕೆ ಒಂದು ಶಬ್ದದ ಅರ್ಥಭೇದವೂ ಪಾಲುಗಾರನಾಯಿತು. ಆಮೇಲೆ ಜರ್ಮನಿಯ ಕೋಖ್ ‘ಸೈಕೋಪಥಿ’ ಎಂಬ ಮಾತನ್ನು ತಂದನು. ಅಮೆರಿಕದ ಮನೋವೈದ್ಯರು 1952ರ ತಮ್ಮ ಕೈಪಿಡಿಯಲ್ಲಿ ‘ಸೋಷಿಯೋಪಥಿಕ್’ ಎಂಬ ಪದವನ್ನು ಬಳಸಿ, 1968ರಲ್ಲಿ ಅದನ್ನು ಬಿಟ್ಟು ‘ಸಮಾಜವಿರೋಧಿ ವ್ಯಕ್ತಿತ್ವ’ವೆಂದರು, 1980ರಲ್ಲಿ ಅದಕ್ಕೆ ಖಚಿತವಾದ ಲಕ್ಷಣಗಳ ಪಟ್ಟಿಯನ್ನು ಕಟ್ಟಿದರು.

ಕನ್ನಡಕ್ಕೆ ಈ ಶಾಸ್ತ್ರೀಯ ಶಬ್ದಗಳು ಹೊಸವು. ಆದರೆ ಅವು ತೋರಿಸುವ ವಸ್ತು ಹೊಸದಲ್ಲ. ‘ಕರುಳಿಲ್ಲದವನು’, ‘ಕಲ್ಲೆದೆಯವನು’ ಎಂದು ಹಳ್ಳಿಯ ಮುದುಕಿಯೂ ಆಡುತ್ತಾಳೆ. ಮರುಕವು ತಲೆಯಲ್ಲಿ ಹುಟ್ಟುವುದಲ್ಲ, ಹೊಟ್ಟೆಯೊಳಗೆ ಮಿಡಿಯುವುದು ಎಂಬ ತಿಳಿವಳಿಕೆ ಆ ಮಾತಿನಲ್ಲಿದೆ. ನಮ್ಮ ಮಕ್ಕಳೆಲ್ಲ ಬಲ್ಲ ಗೋವಿನ ಹಾಡಿನಲ್ಲಿ ಪುಣ್ಯಕೋಟಿಯ ಸತ್ಯವನ್ನು ಕಂಡು ಹುಲಿಯೇ ನಾಚಿ ಪ್ರಾಣ ಬಿಡುತ್ತದೆ. ಆ ಕಾಡುಮೃಗಕ್ಕೂ ಅಂತಃಸಾಕ್ಷಿಯೊಂದನ್ನು ಕೊಟ್ಟ ಕವಿಗೆ, ಅದಿಲ್ಲದ ಮನುಷ್ಯನನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗುತ್ತಿತ್ತೋ ಏನೋ.

ಇಂದಿನ ವೈದ್ಯರ ಪಟ್ಟಿಯಲ್ಲಿ ಏಳು ಲಕ್ಷಣಗಳಿವೆ. ಕಾನೂನನ್ನು ಮತ್ತೆ ಮತ್ತೆ ಮುರಿಯುವುದು, ಸುಳ್ಳು ಮತ್ತು ವಂಚನೆ, ಮುಂದಾಲೋಚನೆಯಿಲ್ಲದ ನಡವಳಿಕೆ, ಜಗಳ ಹೊಡೆದಾಟಗಳ ಚಟ, ತನ್ನ ಮತ್ತು ಪರರ ಪ್ರಾಣದ ಬಗೆಗೆ ಅಲಕ್ಷ್ಯ, ನೌಕರಿಯಲ್ಲಿಯೂ ಸಾಲ ತೀರಿಸುವುದರಲ್ಲಿಯೂ ಹೊಣೆಗೇಡಿತನ, ಮಾಡಿದ ಕೇಡಿಗೆ ಪಶ್ಚಾತ್ತಾಪವಿಲ್ಲದಿರುವುದು. ಇವುಗಳಲ್ಲಿ ಮೂರಾದರೂ ಇರಬೇಕು. ವ್ಯಕ್ತಿಗೆ ಹದಿನೆಂಟು ತುಂಬಿರಬೇಕು. ಹದಿನೈದಕ್ಕೆ ಮೊದಲೇ ನಡತೆ ಕೆಟ್ಟಿದ್ದಕ್ಕೆ ಆಧಾರವಿರಬೇಕು. ನಲವತ್ತನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ವಂಚಕನಾದವನಿಗೆ ಈ ಹೆಸರು ಸಲ್ಲದು. ಹನ್ನೆರಡರ ಹುಡುಗನಿಗೂ ಸಲ್ಲದು.

ಇದಕ್ಕೂ ಹಿಂಸೆಗೂ ಇರುವ ನಂಟೆಷ್ಟು? ಪಾಶ್ಚಾತ್ಯ ದೇಶಗಳ ಸೆರೆಮನೆಗಳಲ್ಲಿ ನಡೆದ 62 ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ಒಂದು ಲೆಕ್ಕವಿದೆ. ಹನ್ನೆರಡು ದೇಶಗಳ ಸುಮಾರು 23,000 ಬಂದಿಗಳಲ್ಲಿ, ಗಂಡಸರಲ್ಲಿ ನೂರಕ್ಕೆ 47 ಮಂದಿಗೂ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೂ ಈ ದೋಷವಿತ್ತು. ಹೊರಗಿನ ಸಮಾಜದಲ್ಲಿ ಅದರ ಪ್ರಮಾಣ ನೂರಕ್ಕೆ ಮೂರನ್ನು ದಾಟುವುದು ವಿರಳ. ಅಂತರ ಭಯಂಕರವಾಗಿ ತೋರುತ್ತದೆ. ಆದರೆ ಈ ಲೆಕ್ಕದಲ್ಲಿ ಒಂದು ಸುತ್ತುಬಳಸು ಇರುವುದನ್ನು ಮರೆಯಬಾರದು. ಕಾನೂನು ಮುರಿಯುವುದೇ ರೋಗದ ಲಕ್ಷಣವಾದರೆ, ಕಾನೂನು ಮುರಿದವರ ನಡುವೆ ಆ ರೋಗ ಹೆಚ್ಚಾಗಿ ಸಿಕ್ಕುವುದರಲ್ಲಿ ಅಚ್ಚರಿಯೇನು? ಈ ದೋಷವುಳ್ಳವರಲ್ಲಿ ಅನೇಕರು ಯಾರ ಮೇಲೂ ಕೈಮಾಡುವುದಿಲ್ಲ; ಸಾಲ ಮಾಡಿ ಓಡಿಹೋಗುತ್ತಾರೆ, ಹೆಂಡತಿ ಮಕ್ಕಳನ್ನು ಬೀದಿಗೆ ಬಿಡುತ್ತಾರೆ, ಕುಡಿದು ಹಾಳಾಗುತ್ತಾರೆ. ಅಪಘಾತ, ಕಾದಾಟ, ಆತ್ಮಹತ್ಯೆಗಳಲ್ಲಿ ಬೇಗನೆ ಸಾಯುವವರೂ ಅವರೇ.

ಮುಖವಾಡದ ಹಿಂದೆ

ಬಾವಿಗೆ ಹೆಂಗಸನ್ನು ಎಸೆದ ಶ್ರೀಮಂತನದು ಬಿಸಿ ರಕ್ತ. ರಕ್ತವೇ ಬಿಸಿಯಾಗದ ಮತ್ತೊಂದು ಬಗೆಯ ಮನುಷ್ಯನನ್ನು ಲೋಕಕ್ಕೆ ತೋರಿಸಿಕೊಟ್ಟವನು ಅಮೆರಿಕದ ಜಾರ್ಜಿಯ ಸಂಸ್ಥಾನದ ಅಗಸ್ಟಾ ಊರಿನ ಮನೋವೈದ್ಯ ಹರ್ವಿ ಕ್ಲೆಕ್ಲೀ. ಅವನ ‘ದಿ ಮಾಸ್ಕ್ ಆಫ್ ಸ್ಯಾನಿಟಿ’ ಎಂಬ ಗ್ರಂಥ ಹೊರಬಂದದ್ದು 1941ರಲ್ಲಿ. ಸ್ವಸ್ಥಚಿತ್ತದ ಮುಖವಾಡವೆಂಬುದು ಆ ಶೀರ್ಷಿಕೆಯ ಭಾವ. ಮೂರು ವ್ಯಕ್ತಿತ್ವಗಳ ‘ಈವ್’ ಎಂಬ ಹೆಂಗಸಿನ ಕಥೆಯನ್ನು ಬರೆದವರಲ್ಲಿಯೂ ಇವನೊಬ್ಬ. 1957ರಲ್ಲಿ ಅದು ಚಲನಚಿತ್ರವಾಗಿ ಹೆಸರು ಗಳಿಸಿತು.

ಕ್ಲೆಕ್ಲೀ ಬಣ್ಣಿಸಿದ ವ್ಯಕ್ತಿಗಳು ಕೊಲೆಗಡುಕರಲ್ಲ. ಹೆಚ್ಚಿನವರು ಒಳ್ಳೆಯ ಮನೆತನದವರು, ಓದಿದವರು, ಮಾತುಗಾರರು. ಅವರೊಡನೆ ಒಂದು ಗಂಟೆ ಕುಳಿತವರು ಮೆಚ್ಚಿ ಏಳುತ್ತಿದ್ದರು. ಅವರು ಕೊಟ್ಟ ಮಾತು ಮಾತ್ರ ನೀರಿನ ಮೇಲಿನ ಬರಹ. ಚೆಕ್ಕಿಗೆ ಸುಳ್ಳು ಸಹಿ ಹಾಕಿ ಸಿಕ್ಕಿಬಿದ್ದಾಗ ಕಣ್ಣೀರು ಸುರಿಸಿ ಕ್ಷಮೆ ಬೇಡುವರು. ಬಿಟ್ಟುಬಂದ ವಾರದಲ್ಲಿಯೇ ಮತ್ತೆ ಸಹಿ ಹಾಕುವರು. ತಂದೆ ಮನೆ ಮಾರಿ ಸಾಲ ತೀರಿಸಿದರೂ ಮಗನ ಮನಸ್ಸಿನಲ್ಲಿ ಗೀರೂ ಬೀಳದು. ಪ್ರೀತಿ, ಅವಮಾನ, ಪಶ್ಚಾತ್ತಾಪ ಎಂಬ ಮಾತುಗಳನ್ನು ಅವರು ಸರಿಯಾಗಿಯೇ ಬಳಸುತ್ತಾರೆ. ಮಾವಿನ ಹಣ್ಣಿನ ರುಚಿಯನ್ನು ಪುಸ್ತಕದಿಂದ ಓದಿ ತಿಳಿದವನು ಬಳಸುವಂತೆ. ಸುಳ್ಳನ್ನು ಸುಳ್ಳೆಂದು ತಿಳಿದೇ ಆಡುತ್ತಾರೆ, ಆದರೆ ಆಡುವಾಗ ನಾಲಗೆ ತಡವರಿಸುವುದಿಲ್ಲ.

ಈ ತಡವರಿಸದಿರುವುದನ್ನು ಯಂತ್ರದಿಂದ ಅಳೆಯಲು ಹೊರಟವನು ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್. 1960ರ ದಶಕದ ಮೊದಲಲ್ಲಿ ಅವನು ಬ್ರಿಟಿಷ್ ಕೊಲಂಬಿಯದ ಸೆರೆಮನೆಯಲ್ಲಿ ಕೆಲಸ ಮಾಡಿದ್ದನು. 1965ರಲ್ಲಿ ಪ್ರಕಟವಾದ ಅವನ ಪ್ರಯೋಗ ಬಲು ಸರಳ. ಬಂದಿಯನ್ನು ಒಂದು ಯಂತ್ರದ ಮುಂದೆ ಕೂರಿಸುವುದು. ಅದರಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕೆಗಳು ಒಂದೊಂದಾಗಿ ಮೂಡುತ್ತವೆ. ಎಂಟು ಬಂದಾಗ ಕೈಗೆ ವಿದ್ಯುತ್ತಿನ ಹೊಡೆತ ಬೀಳುವುದೆಂದು ಮೊದಲೇ ಹೇಳಿರುತ್ತದೆ. ಸಾಮಾನ್ಯ ಮನುಷ್ಯನಿಗೆ ನಾಲ್ಕು, ಐದು ಎನ್ನುವಾಗಲೇ ಅಂಗೈ ಬೆವರತೊಡಗುತ್ತದೆ. ಹೇರ್ ಆರಿಸಿಕೊಂಡ ‘ಸೈಕೋಪಥ್’ ಬಂದಿಗಳ ಅಂಗೈಯಾದರೋ ಎಂಟರ ಅಂಚಿನವರೆಗೂ ಬಹುಮಟ್ಟಿಗೆ ಒಣಗಿಯೇ ಇತ್ತು. ನೋವು ಬರುತ್ತದೆಂದು ಅವರಿಗೆ ಗೊತ್ತು. ಬರಲಿರುವ ನೋವಿಗೆ ಅವರ ಮೈ ನಡುಗದು. ಮಗುವಿಗೆ ‘ಹಾಗೆ ಮಾಡಿದರೆ ಅಪ್ಪ ಬಯ್ಯುತ್ತಾರೆ’ ಎಂದಾಗ ಎದೆಯಲ್ಲಿ ಏಳುವ ಸಣ್ಣ ಅಳುಕೇ ಮುಂದೆ ಅಂತಃಸಾಕ್ಷಿಯಾಗಿ ಬೆಳೆಯುವುದೆಂಬ ಮಾತು ನಿಜವಾದರೆ, ಆ ಅಳುಕೇ ಇಲ್ಲದವನಲ್ಲಿ ಬೆಳೆಯುವುದೇನು?

ಹೇರ್ ಮುಂದೆ ಇಪ್ಪತ್ತು ಅಂಶಗಳ ಒಂದು ತಪಶೀಲು ಪಟ್ಟಿಯನ್ನು ರಚಿಸಿದನು. ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು ನಲವತ್ತು, ಮೂವತ್ತನ್ನು ಮುಟ್ಟಿದವನು ‘ಸೈಕೋಪಥ್’. ಸಮಾಜವಿರೋಧಿ ದೋಷವುಳ್ಳ ಬಂದಿಗಳಲ್ಲಿ ಒಂದು ಭಾಗ ಮಾತ್ರ ಈ ಗೆರೆಯನ್ನು ಮುಟ್ಟುತ್ತದೆ. ಎರಡೂ ಒಂದೇ ಎಂದು ಪತ್ರಿಕೆಗಳು ಬರೆಯುವುದುಂಟು, ಅದು ಸರಿಯಲ್ಲ. ಒಂದು ಪಟ್ಟಿ ಮನುಷ್ಯ ಏನು ಮಾಡಿದನೆಂಬುದನ್ನು ಹೆಚ್ಚಾಗಿ ನೋಡುತ್ತದೆ; ಇನ್ನೊಂದು, ಮಾಡುವಾಗ ಅವನೊಳಗೆ ಏನಿರಲಿಲ್ಲವೆಂಬುದನ್ನೂ ನೋಡುತ್ತದೆ. ಸಿಟ್ಟಿನಲ್ಲಿ ಕೈಯೆತ್ತುವವನ ಹಿಂಸೆ ಬೇರೆ. ಬೇಕಾದ ವಸ್ತುವಿಗಾಗಿ, ಲೆಕ್ಕ ಹಾಕಿ, ನಾಡಿಯ ಬಡಿತ ಏರದೆ ನಡೆಸುವ ಹಿಂಸೆ ಬೇರೆ. ಎರಡನೆಯದು ಈ ಸಣ್ಣ ಗುಂಪಿನಲ್ಲಿ ಹೆಚ್ಚು.

1979ರಲ್ಲಿ ಮುಪ್ಪಿನ ಕ್ಲೆಕ್ಲೀಯನ್ನು ಸರ್ಕಾರದ ಪರವಾಗಿ ಫ್ಲಾರಿಡಕ್ಕೆ ಕರೆಸಿದರು. ಪರೀಕ್ಷಿಸಬೇಕಾಗಿದ್ದ ಕೈದಿಯ ಹೆಸರು ಥಿಯೊಡೋರ್ ಬಂಡಿ. ನೋಡಲು ಸುಂದರ, ಕಾನೂನಿನ ವಿದ್ಯಾರ್ಥಿ. ಒಂದು ಕಾಲದಲ್ಲಿ ಸಿಯಾಟಲ್ ನಗರದಲ್ಲಿ ಆತ್ಮಹತ್ಯೆಗೆ ಮನಮಾಡಿದವರ ದೂರವಾಣಿ ಕರೆಗಳಿಗೆ ಸಾಂತ್ವನದ ಮಾತು ಹೇಳುತ್ತಿದ್ದವನು. ತನ್ನ ಗ್ರಂಥದಲ್ಲಿ ಬಣ್ಣಿಸಿದ್ದ ಮುಖವಾಡವನ್ನು ಕ್ಲೆಕ್ಲೀ ಅವನಲ್ಲಿ ಕಂಡನು. ವಿಚಾರಣೆಯನ್ನು ಎದುರಿಸಲು ಬೇಕಾದ ಬುದ್ಧಿಶಕ್ತಿ ಅವನಿಗಿದೆಯೆಂದೂ ಹೇಳಿದನು. 1989ರ ಜನವರಿಯಲ್ಲಿ ಬಂಡಿಗೆ ಮರಣದಂಡನೆಯಾಯಿತು. ಅದಕ್ಕೆ ಕೆಲವು ದಿನಗಳ ಮುಂಚೆ ಅವನು ಒಪ್ಪಿಕೊಂಡ ಕೊಲೆಗಳು ಮೂವತ್ತು. ಇಂಥವನು ಕೋಟಿಗೊಬ್ಬ. ಆದರೆ ಜನರ ಕಲ್ಪನೆಯಲ್ಲಿ ಈ ದೋಷದ ಮುಖವೆಂದರೆ ಅವನದೇ ಆಗಿಬಿಟ್ಟಿದೆ. ಚಿತ್ರೋದ್ಯಮಕ್ಕೆ ಸಾಲ ತೀರಿಸದ ವಂಚಕನ ಕಥೆಗಿಂತ ಅದು ಲಾಭದ್ದು.

ನ್ಯಾಯದ ತಕ್ಕಡಿ

ಭ್ರಮೆಯಿಂದ ನಡೆಯುವ ಹಿಂಸೆಗೂ ಇದಕ್ಕೂ ಇರುವ ಭೇದವನ್ನು ತಿಳಿಯಲು ಭಾರತದಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. 1960ರ ದಶಕದಲ್ಲಿ ಮುಂಬಯಿಯ ಹೊರವಲಯದ ಗುಡಿಸಲುಗಳಲ್ಲಿಯೂ ಬೀದಿಯ ಬದಿಯಲ್ಲಿಯೂ ಮಲಗಿದ್ದ ಬಡವರು ರಾತ್ರಿಯ ಹೊತ್ತು ತಲೆಗೆ ಪೆಟ್ಟು ಬಿದ್ದು ಸಾಯುತ್ತಿದ್ದರು. 1968ರ ಆಗಸ್ಟ್ ತಿಂಗಳಲ್ಲಿ ರಮಣ್ ರಾಘವ್ ಎಂಬಾತ ಸಿಕ್ಕಿಬಿದ್ದನು. ಮರುವರ್ಷ ಮರಣದಂಡನೆಯ ತೀರ್ಪಾಯಿತು. ಮುಂಬಯಿ ಉಚ್ಚ ನ್ಯಾಯಾಲಯದ ಆದೇಶದಂತೆ ಮೂವರು ಮನೋವೈದ್ಯರು ಅವನನ್ನು ಪರೀಕ್ಷಿಸಿದರು. ಅವನು ತನ್ನದೇ ಭ್ರಮಾಲೋಕದಲ್ಲಿದ್ದನು. ದೀರ್ಘಕಾಲದ ಸ್ಕಿಜೋಫ್ರೀನಿಯ ಎಂದು ವೈದ್ಯರು ನಿರ್ಣಯಿಸಿದರು. ಶಿಕ್ಷೆ 1987ರಲ್ಲಿ ಜೀವಾವಧಿಗೆ ಇಳಿಯಿತು. 1995ರಲ್ಲಿ ಪುಣೆಯ ಆಸ್ಪತ್ರೆಯಲ್ಲಿ ಅವನು ತೀರಿಕೊಂಡನು. ಅವನು ಮಾಡಿದ್ದು ಘೋರವೇ. ಆದರೂ ಅವನು ಕಾಣುತ್ತಿದ್ದ ಲೋಕ ಇತರರು ಕಾಣುವ ಲೋಕವಾಗಿರಲಿಲ್ಲ. ಬಂಡಿಯಾದರೋ ಎಲ್ಲರೂ ಕಾಣುವುದನ್ನೇ ಕಾಣುತ್ತಿದ್ದನು. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು: ಸ್ಕಿಜೋಫ್ರೀನಿಯದಿಂದ ನರಳುವವರಲ್ಲಿ ಬಹುಪಾಲು ಮಂದಿ ಒಂದು ಇರುವೆಗೂ ಕೇಡು ಬಗೆಯದವರು.

ಇಂಗ್ಲೆಂಡಿನಲ್ಲಿ 1843ರಲ್ಲಿ ಮೆಕ್‌ನಾಟನ್ ಎಂಬವನು ಪ್ರಧಾನಿಯ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ ಮೊಕದ್ದಮೆಯಿಂದ ಒಂದು ನಿಯಮ ಹುಟ್ಟಿತು. ಮಾಡುತ್ತಿರುವ ಕೃತ್ಯ ಏನೆಂಬುದು ಅಥವಾ ಅದು ತಪ್ಪೆಂಬುದು ಚಿತ್ತವಿಕಾರದಿಂದ ತಿಳಿಯದೆ ಹೋದರೆ ಅವನು ಅಪರಾಧಿಯಲ್ಲ. 1860ರ ಭಾರತೀಯ ದಂಡ ಸಂಹಿತೆಯ 84ನೆಯ ಕಲಮು ಇದೇ ದಾರಿಯದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿಯೂ ಅದೇ ಉಳಿದಿದೆ. ಸಮಾಜವಿರೋಧಿ ದೋಷವುಳ್ಳವನಿಗೆ ಈ ಬಾಗಿಲು ತೆರೆಯುವುದಿಲ್ಲ. ತಪ್ಪೆಂದು ಅವನಿಗೆ ತಿಳಿದಿದೆ, ತಾಗಿಲ್ಲ ಅಷ್ಟೆ. ತಿಳಿಯುವುದಕ್ಕೂ ತಾಗುವುದಕ್ಕೂ ನಡುವಣ ಅಂತರವನ್ನು ಅಳೆಯುವ ತಕ್ಕಡಿ ಕಾನೂನಿನ ಬಳಿ ಇಲ್ಲ. ಒಂದು ವೇಳೆ ಇದ್ದರೂ ಅದನ್ನು ಬಳಸುವುದು ಉಚಿತವೇ ಎಂಬುದು ಬೇರೆಯ ಪ್ರಶ್ನೆ. ಬಾವಿಗೆ ಬಿದ್ದ ಹೆಂಗಸಿನ ಮನೆಯವರ ಕಡೆಯಿಂದ ನೋಡಿದರೆ ಉತ್ತರ ಸುಲಭ.

ಬೇರು ಎಲ್ಲಿದೆ?

ಮಗ ಪೆಟ್ಟಿಗೆಯಿಂದ ನಾಲ್ಕು ರೂಪಾಯಿ ಕದ್ದು ಸಿನಿಮಾಕ್ಕೆ ಹೋದನೆಂದು ಹೆದರುವ ತಂದೆತಾಯಿಗಳು ಓದಲೇಬೇಕಾದದ್ದು ಲೀ ರಾಬಿನ್ಸ್ ಎಂಬ ವಿದುಷಿಯ ಸಂಶೋಧನೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಒಂದು ಬಾಲಚಿಕಿತ್ಸಾಲಯಕ್ಕೆ 1920ರ ದಶಕದಲ್ಲಿ ಬಂದಿದ್ದ 524 ಮಕ್ಕಳ ಕಡತಗಳು ಅವಳ ಕೈಗೆ ಸಿಕ್ಕವು. ಮೂವತ್ತು ವರ್ಷಗಳು ಕಳೆದ ಮೇಲೆ ಅವರೆಲ್ಲ ಏನಾದರೆಂದು ಅವಳು ಹುಡುಕುತ್ತ ಹೋದಳು; ಹೋಲಿಕೆಗೆಂದು ಅದೇ ಊರಿನ ಶಾಲೆಗಳ ನೂರು ಮಕ್ಕಳನ್ನೂ ಸೇರಿಸಿಕೊಂಡಳು. ಮನೆ, ಪೊಲೀಸು, ಸೈನ್ಯ, ಆಸ್ಪತ್ರೆ ಎಲ್ಲ ಕಡೆಯ ದಾಖಲೆಗಳನ್ನು ಜಾಲಿಸಿದ ಆ ಶ್ರಮ 1966ರಲ್ಲಿ ಗ್ರಂಥವಾಗಿ ಬಂದಿತು. ದೊಡ್ಡವರಾಗಿ ಸಮಾಜವಿರೋಧಿಗಳಾದವರಲ್ಲಿ ಬಾಲ್ಯದಲ್ಲಿ ಸುಶೀಲರಾಗಿದ್ದವರು ಇರಲಿಲ್ಲವೆಂದೇ ಹೇಳಬೇಕು. ಹಾಗೆಂದು ಬಾಲ್ಯದಲ್ಲಿ ಕೆಟ್ಟಿದ್ದವರೆಲ್ಲ ಹಾಗೇ ಉಳಿದರೆ? ಇಲ್ಲ, ಅವರಲ್ಲಿ ಹೆಚ್ಚಿನವರು ದೊಡ್ಡವರಾದಾಗ ಸಮಾಜವಿರೋಧಿಗಳಾಗಲಿಲ್ಲ. ಬಡತನಕ್ಕಿಂತ ತಂದೆಯ ನಡತೆಯೇ ಹೆಚ್ಚು ಭಾರವಾದ ಸೂಚನೆಯಾಗಿತ್ತು.

ಒಂದೆರಡು ಕಳವುಗಳಿಂದ ಏನೂ ತೀರ್ಮಾನವಾಗದು. ಪ್ರಾಣಿಗಳನ್ನು ಹಿಂಸಿಸುವುದು, ಬೆಂಕಿ ಹಚ್ಚುವುದು, ಚಿಕ್ಕವರನ್ನು ಹೊಡೆದು ಹೆದರಿಸುವುದು, ರಾತ್ರಿ ಮನೆ ಬಿಟ್ಟು ಅಲೆಯುವುದು ಇವೆಲ್ಲ ಒಟ್ಟುಗೂಡಿ, ಬೇಗನೆ ಆರಂಭವಾಗಿ, ಬಹುಕಾಲ ನಡೆದರೆ ವೈದ್ಯರನ್ನು ಕಾಣುವುದು ಯುಕ್ತ.

ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇಂದಿಗೂ ಬೆನ್ನುಹತ್ತಿ ನೋಡುತ್ತಿರುವ ಅಧ್ಯಯನ ಇನ್ನಷ್ಟು ಆಳಕ್ಕೆ ಇಳಿಯಿತು. ಹದಿಹರೆಯದಲ್ಲಿ ಮಾತ್ರ ಪುಂಡಾಟವಾಡಿ ಆಮೇಲೆ ಸರಿಹೋಗುವವರು ಬಹಳ. ಮೂರು ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಕೊನೆಯವರೆಗೆ ಅದೇ ಹಾದಿಯಲ್ಲಿ ನಡೆಯುವವರು ಕೆಲವೇ ಮಂದಿ. ಟೆರಿ ಮಾಫಿಟ್ ಎಂಬ ವಿದುಷಿ 1993ರಲ್ಲಿ ಈ ಭೇದವನ್ನು ಸಿದ್ಧಾಂತವಾಗಿ ಮಂಡಿಸಿದಳು. 2002ರಲ್ಲಿ ಅದೇ ಗುಂಪಿನವರು ಆ ಗಂಡುಮಕ್ಕಳ ಒಂದು ಅನುವಂಶೀಯ ಘಟಕವನ್ನು ಪರೀಕ್ಷಿಸಿದರು. ಮಿದುಳಿನ ಕೆಲವು ರಾಸಾಯನಿಕಗಳನ್ನು ವಿಭಜಿಸುವ ಕಿಣ್ವವನ್ನು ಅದು ತಯಾರಿಸುತ್ತದೆ. ಕಿಣ್ವ ಕಡಿಮೆಯಿರುವುದರ ಜೊತೆಗೆ ಬಾಲ್ಯದಲ್ಲಿ ಹಿಂಸೆಯನ್ನೂ ಉಂಡವರು ನೂರಕ್ಕೆ ಹನ್ನೆರಡು ಮಂದಿ. ಆ ಗುಂಪಿಗೆ ವಿಧಿಸಲಾದ ಹಿಂಸಾಪರಾಧದ ಶಿಕ್ಷೆಗಳಲ್ಲಿ ನೂರಕ್ಕೆ 44 ಇವರ ಪಾಲಿಗೆ ಬಂದಿದ್ದವು. ರಕ್ತವೊಂದೇ ಅಥವಾ ಬೆತ್ತವೊಂದೇ ಅಷ್ಟು ಕೇಡು ಮಾಡಿರಲಿಲ್ಲ. ಈ ಫಲಿತಾಂಶದ ಮೇಲೆ ಆಮೇಲೆ ಬಹಳ ವಾದಗಳು ನಡೆದಿವೆ; ಹಿಂಸೆಯ ಬೀಜವೇ ಸಿಕ್ಕಿತೆಂದು ಕುಣಿದವರ ಉತ್ಸಾಹ ಇಳಿದಿದೆ.

ನಾಡಿಯ ಬಡಿತವೂ ಏನನ್ನೋ ನುಡಿಯುತ್ತದೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರುವ ಮುನ್ನ ಪರೀಕ್ಷೆಗೊಳಗಾದ ಏಳು ಲಕ್ಷಕ್ಕೂ ಮಿಕ್ಕ ತರುಣರ ದಾಖಲೆಗಳನ್ನು 2015ರಲ್ಲಿ ನೋಡಿದಾಗ, ವಿಶ್ರಾಂತಿಯಲ್ಲಿ ನಾಡಿ ಅತ್ಯಂತ ನಿಧಾನವಾಗಿದ್ದವರು ಮುಂದೆ ಹಿಂಸಾಪರಾಧಗಳಲ್ಲಿ ಸಿಕ್ಕುವ ಸಂಭವ, ಅತ್ಯಂತ ವೇಗವಾಗಿದ್ದವರಿಗಿಂತ ನೂರಕ್ಕೆ 39ರಷ್ಟು ಹೆಚ್ಚೆಂದು ಕಂಡಿತು. ಓಟಗಾರರ ನಾಡಿಯೂ ನಿಧಾನವೇ. ಆದ್ದರಿಂದ ಅಳಿಯನನ್ನು ಆರಿಸುವವರು ಅವನ ಮಣಿಕಟ್ಟು ಹಿಡಿದು ನೋಡಬೇಕಾಗಿಲ್ಲ.

ಓಕ್ ರಿಜ್‌ನ ಪಾಠ

ಇದಕ್ಕೆ ಮದ್ದುಂಟೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಚರಿತ್ರೆಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಅಧ್ಯಾಯ ಕೆನಡಾದ ಆಂಟೇರಿಯೊ ಪ್ರಾಂತದ ಪೆನೆಟಾಂಗ್ವಿಶೀನ್ ಊರಿನದು. ಅಲ್ಲಿನ ಮನೋರೋಗದ ಆಸ್ಪತ್ರೆಯಲ್ಲಿ ಓಕ್ ರಿಜ್ ಎಂಬುದು ಅತ್ಯಂತ ಬಿಗಿಭದ್ರತೆಯ ವಿಭಾಗ. 1960ರ ದಶಕದ ನಡುವಿನಲ್ಲಿ ಎಲಿಯಟ್ ಬಾರ್ಕರ್ ಎಂಬ ತರುಣ ಮನೋವೈದ್ಯ ಅಲ್ಲಿಗೆ ಬಂದನು. ಅವನ ಉದ್ದೇಶ ಉದಾರವಾದುದು. ಈ ಮನುಷ್ಯರು ಮುಖವಾಡದ ಹಿಂದೆ ಅಡಗಿದ್ದಾರೆ. ಮುಖವಾಡವನ್ನು ಕಿತ್ತರೆ ಒಳಗಿನ ನೋವು ಹೊರಬರುತ್ತದೆ, ನೋವಿನಿಂದ ಮರುಕ ಹುಟ್ಟುತ್ತದೆ. ರೋಗಿಗಳೇ ರೋಗಿಗಳಿಗೆ ವೈದ್ಯರಾಗಬೇಕೆಂದು ಅವನು ವ್ಯವಸ್ಥೆ ಮಾಡಿದನು. ವಾರಕ್ಕೆ ಎಂಬತ್ತು ಗಂಟೆಗಳವರೆಗೆ ಗುಂಪಾಗಿ ಕುಳಿತು ಒಬ್ಬರನ್ನೊಬ್ಬರು ಪ್ರಶ್ನಿಸುವುದೇ ಚಿಕಿತ್ಸೆ.

ಅಲ್ಲಿ ಒಂದು ಕೊಠಡಿ ಇತ್ತು. ಎಂಟಡಿ ಅಗಲ, ಹತ್ತಡಿ ಉದ್ದ, ಕಿಟಕಿಯಿಲ್ಲ, ಹೊರಗಿನ ಸದ್ದು ಒಳಬಾರದು. ಕೆಲವು ರೋಗಿಗಳನ್ನು ಬೆತ್ತಲೆಯಾಗಿ ಅದರೊಳಗೆ ಬಿಟ್ಟು ದಿನಗಟ್ಟಲೆ ಇರಿಸುತ್ತಿದ್ದರು. ಗೋಡೆಯಿಂದ ಚಾಚಿದ ಕೊಳವೆಗಳ ಮೂಲಕ ದ್ರವಾಹಾರ. ಮೇಲಿನಿಂದ ಕಣ್ಗಾವಲು. ಮನಸ್ಸಿನ ಬಾಗಿಲು ಸಡಿಲವಾಗಲೆಂದು ಎಲ್.ಎಸ್.ಡಿ. ಮೊದಲಾದ ಮಾದಕ ಔಷಧಗಳನ್ನೂ ಕೊಡುತ್ತಿದ್ದರು. ನೋಡಲು ಬಂದವರು ಮೆಚ್ಚಿ ಹೋದರು. ರೋಗಿಗಳು ಮೃದುವಾಗಿ ಮಾತನಾಡುತ್ತಿದ್ದರು, ಒಬ್ಬರ ದುಃಖವನ್ನು ಮತ್ತೊಬ್ಬರು ವಿವರಿಸುತ್ತಿದ್ದರು. ಕಲ್ಲು ಕರಗಿತೆಂದೇ ಎಲ್ಲರೂ ನಂಬಿದರು.

ಲೆಕ್ಕ ಹೊರಬಿದ್ದದ್ದು 1992ರಲ್ಲಿ. ರೈಸ್, ಹ್ಯಾರಿಸ್, ಕಾರ್ಮಿಯರ್ ಎಂಬ ಮೂವರು ಸಂಶೋಧಕರು, ಅಲ್ಲಿ ಚಿಕಿತ್ಸೆ ಪಡೆದು ಹೊರಬಂದವರನ್ನೂ ಸೆರೆಮನೆಯಿಂದ ಸುಮ್ಮನೆ ಬಿಡುಗಡೆಯಾದ ಅಂಥವರನ್ನೇ ಮತ್ತೆ ಕೆಲವರನ್ನೂ ಹತ್ತು ವರ್ಷಗಳಿಗೆ ಮೀರಿದ ಅವಧಿಯ ದಾಖಲೆಗಳಲ್ಲಿ ಹೋಲಿಸಿದರು. ‘ಸೈಕೋಪಥ್’ ಅಲ್ಲದವರಿಗೆ ಚಿಕಿತ್ಸೆಯಿಂದ ಲಾಭವಾಗಿತ್ತು. ಮತ್ತೆ ಹಿಂಸೆಗೆ ಇಳಿದವರು ನೂರಕ್ಕೆ 39ರಿಂದ 22ಕ್ಕೆ ಇಳಿದಿದ್ದರು. ‘ಸೈಕೋಪಥ್’ಗಳಲ್ಲಿ ಚಿಕಿತ್ಸೆ ಇಲ್ಲದವರು 55, ಚಿಕಿತ್ಸೆ ಪಡೆದವರು 77! ಇತರರ ಭಾವನೆಗಳನ್ನು ಓದುವುದನ್ನು ಅವರು ಚೆನ್ನಾಗಿ ಕಲಿತಿದ್ದರು. ಕಲಿತ ವಿದ್ಯೆಯನ್ನು ಹೊರಗೆ ಬಂದು ಮನುಷ್ಯರನ್ನು ಬಲೆಗೆ ಕೆಡಹಲು ಬಳಸಿಕೊಂಡರೆಂದು ಸಂಶೋಧಕರ ಊಹೆ. ಮುಂದೆ ಆ ರೋಗಿಗಳಲ್ಲಿ ಹಲವರು ವೈದ್ಯರ ಮೇಲೆಯೂ ಸರ್ಕಾರದ ಮೇಲೆಯೂ ದಾವೆ ಹೂಡಿದರು. ಅಲ್ಲಿ ನಡೆದದ್ದು ಚಿತ್ರಹಿಂಸೆಯೇ ಎಂದು 2017ರಲ್ಲಿ ಆಂಟೇರಿಯೊದ ನ್ಯಾಯಾಧೀಶರು ಹೇಳಿದರು. ಮರುಕವನ್ನು ಕಲಿಸಲು ಹೊರಟವರ ಕೈಯಲ್ಲಿಯೇ ಮರುಕ ಸತ್ತಿತ್ತೆಂಬುದು ಇದರಲ್ಲಿ ಎಲ್ಲಕ್ಕಿಂತ ವಿಷಾದದ ಸಂಗತಿ.

ಓಕ್ ರಿಜ್‌ನ ಲೆಕ್ಕವನ್ನು ಹಿಡಿದು, ಇಂಥವರಿಗೆ ಚಿಕಿತ್ಸೆಯೇ ವ್ಯರ್ಥವೆಂದು ಬಹುಕಾಲ ವೈದ್ಯರು ಕೈಚೆಲ್ಲಿದ್ದರು. ಅದೂ ಅವಸರದ ಮಾತೇ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಮೆಂಡೋಟ ಕೇಂದ್ರದಲ್ಲಿ 1995ರಿಂದ, ಬೇರೆ ಯಾವ ಬಾಲಬಂದಿಖಾನೆಯೂ ಸಂಭಾಳಿಸಲಾರದ ಹುಡುಗರನ್ನು ತೆಗೆದುಕೊಂಡು ನೋಡುತ್ತಿದ್ದಾರೆ. ಅಲ್ಲಿ ಮುಖವಾಡ ಕೀಳುವ ಸಾಹಸವಿಲ್ಲ. ಇಂದು ಸರಿಯಾಗಿ ನಡೆದುಕೊಂಡರೆ ನಾಳೆ ಒಂದು ಸಣ್ಣ ಸವಲತ್ತು. ತಪ್ಪಿದರೆ ಅದು ಹೋಯಿತು. ದಂಡನೆಗೆ ಅಳುಕದ ಮನಸ್ಸೂ ಬಹುಮಾನಕ್ಕೆ ಆಸೆಪಡುತ್ತದೆಂಬುದೇ ಅದರ ಆಧಾರ. ಅಲ್ಲಿಂದ ಬಿಡುಗಡೆಯಾದವರು ಎರಡು ವರ್ಷಗಳಲ್ಲಿ ಹಿಂಸೆಗೆ ಇಳಿದ ಪ್ರಮಾಣ ಇತರರ ಅರ್ಧದಷ್ಟಕ್ಕಿಂತಲೂ ಕಡಿಮೆಯಿತ್ತೆಂದು 2006ರ ವರದಿ ಹೇಳುತ್ತದೆ. ವಯಸ್ಸೂ ತನ್ನ ಕೆಲಸ ಮಾಡುತ್ತದೆ. ನಲವತ್ತು ದಾಟುತ್ತಲೇ ಅನೇಕರ ಹೊಡೆದಾಟ ತಣ್ಣಗಾಗುತ್ತದೆ, ಹೆಂಡತಿ ಮಕ್ಕಳ ಬಗೆಗಿನ ನಿರ್ಲಕ್ಷ್ಯ ಮಾತ್ರ ಅಷ್ಟು ಬೇಗ ಹೋಗದು.

ಇನ್ನೂ ಹಿಂದಕ್ಕೆ, ತೊಟ್ಟಿಲಿನ ಬಳಿಗೇ ಹೋದವನು ಡೇವಿಡ್ ಓಲ್ಡ್ಸ್. ನ್ಯೂಯಾರ್ಕ್ ಸಂಸ್ಥಾನದ ಎಲ್ಮೈರ ಎಂಬ ಊರಿನಲ್ಲಿ 1978ರಲ್ಲಿ ಆರಂಭಿಸಿ ನಾನೂರು ಗರ್ಭಿಣಿಯರನ್ನು ಅವನು ಆರಿಸಿಕೊಂಡನು; ಬಡವರು, ಮದುವೆಯಾಗದವರು, ತೀರ ಚಿಕ್ಕ ಪ್ರಾಯದವರು ಅವರಲ್ಲಿ ಹೆಚ್ಚು. ಒಂದು ಭಾಗದವರ ಮನೆಗೆ ದಾದಿಯೊಬ್ಬಳು ಬಸಿರಿನ ದಿನಗಳಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ ಹೋಗಿಬಂದಳು. ಅವಳು ಮಾಡಿದ್ದು ದೊಡ್ಡ ಚಿಕಿತ್ಸೆಯೇನಲ್ಲ: ಸಿಗರೇಟು ಬಿಡಿಸುವುದು, ಉಣ್ಣುವುದನ್ನು ಹೇಳಿಕೊಡುವುದು, ಮಗು ಅತ್ತಾಗ ಹೊಡೆಯದೆ ಎತ್ತಿಕೊಳ್ಳುವುದನ್ನು ಕಲಿಸುವುದು. ಕೂಡುಕುಟುಂಬದ ಅಜ್ಜಿ ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸ. 1998ರಲ್ಲಿ, ಆ ಮಕ್ಕಳಿಗೆ ಹದಿನೈದಾಗಿದ್ದಾಗ ಎಣಿಸಿ ನೋಡಿದರು. ಬಡ, ಒಂಟಿ ತಾಯಂದಿರ ಮಕ್ಕಳಲ್ಲಿ ದಾದಿ ಬಂದಿದ್ದ ಮನೆಗಳವರು ಪೊಲೀಸರ ಕೈಗೆ ಸಿಕ್ಕಿದ್ದು ಸ್ಪಷ್ಟವಾಗಿ ಕಡಿಮೆಯಿತ್ತು. ಹತ್ತೊಂಬತ್ತಾದಾಗ ಮತ್ತೊಮ್ಮೆ ಎಣಿಸಿದರು. 2010ರಲ್ಲಿ ಆ ವರದಿ ಬಂದಿತು. ಹೆಣ್ಣುಮಕ್ಕಳಲ್ಲಿ ಆ ಲಾಭ ಹಾಗೆಯೇ ಉಳಿದಿತ್ತು. ಗಂಡುಮಕ್ಕಳಲ್ಲಿ ಅದು ಬಹುಮಟ್ಟಿಗೆ ಕರಗಿಹೋಗಿತ್ತು.